ಒಂದು ಹದ ಮಳೆ

ನಮ್ಮ ಕಡೆ ರಾತ್ರಿ ಮಳೆ ಬಿದ್ದರೆ ಬೆಳಿಗ್ಗೆ ಯಾರೂ ‘ಎಷ್ಟು ಮಳೆ ಬಂತು’ ಎಂದು ಕೇಳುವುದಿಲ್ಲ. ‘ಎಷ್ಟು ಹದ ಆಗೈತಿ?’ ಎಂದು ಕೇಳುತ್ತಾರೆ. ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಹಳ್ಳಿಯ ಮೊದಲ ಬಸ್ಸಿನಿಂದ ಇಳಿದವರ ಚೀಲ ಇನ್ನೂ ನೆಲ ಮುಟ್ಟಿರುವುದಿಲ್ಲ, ಚಾದಂಗಡಿಯವರ ಬಾಯಿಂದ ಈ ಪ್ರಶ್ನೆ ಹೊರಟಿರುತ್ತದೆ. ಉತ್ತರವೂ ಅಳತೆಯಲ್ಲೇ ಬರುತ್ತದೆ. ‘ನಾಕು ಬೆರಳು ಇಳಿದೈತಿ ನೋಡಣ್ಣ’ ಎನ್ನುತ್ತಾರೆ ಒಬ್ಬರು. ‘ನಮ್ಮ ಕಡಿ ಗೇಣು ಹದ’ ಎನ್ನುತ್ತಾರೆ ಇನ್ನೊಬ್ಬರು, ದನಿಗೆ ಒಂಚೂರು ಸಿರಿತನ ಬೆರೆಸಿ. ಮೂರನೆಯವರು ಕೈಯಾಡಿಸಿ ‘ಧೂಳು ಅಡಗಿಸಿ ಹೋತು’ ಎಂದು ಮುಗಿಸುತ್ತಾರೆ. ಮೂವರೂ ಬಂದಿರುವುದು ನಾಲ್ಕಾರು ಮೈಲಿಯೊಳಗಿನ ಊರುಗಳಿಂದ. ಒಂದೇ ಮೋಡ ಮೂವರಿಗೆ ಮೂರು ಥರ ಬಡಿಸಿ ಹೋಗಿರುತ್ತದೆ. ಆ ಮೂರು ಉತ್ತರಗಳ ಸುತ್ತ ಚಾ ಆರುವವರೆಗೂ ಮಾತು ಬೆಳೆಯುತ್ತದೆ.

ಹದ ನೋಡುವುದನ್ನು ನನಗೆ ಕಲಿಸಿದವರು ತಾತ. ಮಳೆ ನಿಂತ ಮರುದಿನ ಬೆಳಗಾಗುತ್ತಲೇ ಹೊಲಕ್ಕೆ ಕರೆದೊಯ್ಯುತ್ತಿದ್ದರು. ಬದುವಿನ ಮೇಲೆ ಚಪ್ಪಲಿ ಬಿಟ್ಟು, ಕಾಲಿನ ಹೆಬ್ಬೆರಳಿನಿಂದ ಮೇಲುಮಣ್ಣು ಸರಿಸಿ, ಕುಕ್ಕರುಗಾಲಲ್ಲಿ ಕೂತು, ತೋರುಬೆರಳನ್ನು ನೆಲಕ್ಕೆ ಇಳಿಸುತ್ತಿದ್ದರು. ಬೆರಳು ಒಣಮಣ್ಣಿಗೆ ತಾಕಿ ನಿಂತ ಕಡೆ ಹೆಬ್ಬೆರಳಿನಿಂದ ಗುರುತು ಹಿಡಿದು ಮೇಲೆತ್ತಿ ತೋರಿಸುತ್ತಿದ್ದರು. ಆಮೇಲೆ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಅಮುಕಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಕೆಳಗೆ ಬಿಡುವುದು. ಉಂಡೆಯೇ ಕಟ್ಟದೆ ಉದುರಿದರೆ ಹದ ಸಾಲದು. ಬಿದ್ದ ಮೇಲೂ ಮುದ್ದೆಯಾಗಿಯೇ ಉಳಿದರೆ ಹದ ಹೆಚ್ಚು, ಕೂರಿಗೆ ಹೂಡುವ ಹಾಗಿಲ್ಲ, ಇನ್ನೆರಡು ದಿನ ಕಾಯಬೇಕು. ಬಿದ್ದು ಮೆತ್ತಗೆ ನಾಲ್ಕು ಹೋಳಾದರೆ ತಾತನ ಮುಖ ಅರಳುತ್ತಿತ್ತು. ಆ ಮಣ್ಣಿನ ಕೈಯನ್ನು ಅವರು ಕೂಡಲೇ ತೊಳೆಯುತ್ತಿರಲಿಲ್ಲ. ಒಮ್ಮೆ ಮೂಗಿಗೆ ಹಿಡಿದು, ನನ್ನ ಮೂಗಿಗೂ ಹಿಡಿದು, ಪಂಚೆಗೆ ಒರೆಸಿಕೊಳ್ಳುತ್ತಿದ್ದರು.

ಮುಂದೆ ಅದೇ ಮಾತನ್ನು ಮನೆಯೊಳಗೂ ಕೇಳುತ್ತ ಬೆಳೆದೆ. ಬೆಲ್ಲದ ಪಾಕಕ್ಕೆ ಹದ, ರೊಟ್ಟಿಯ ಹಿಟ್ಟಿಗೆ ಹದ, ಕಮ್ಮಾರರ ಕುಲುಮೆಯಲ್ಲಿ ಕುಡಗೋಲಿಗೆ ಹದ, ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಸುವ ತಮಟೆಗೂ ಹದ. ನೆಲಕ್ಕೂ ಒಲೆಗೂ ವಾದ್ಯಕ್ಕೂ ಒಂದೇ ಮಾತು. ಅದಕ್ಕೆ ನನಗೆ ಅನಿಸುತ್ತದೆ: ನಮ್ಮ ಸೀಮೆಯ ಮಳೆಗಾಲದ ಸುಖವೆಲ್ಲ ಈ ಎರಡಕ್ಷರದಲ್ಲೇ ಇದೆ. ಕಡಿಮೆ ಮಳೆಯ ನಾಡು ಇದು. ಆ ಕಡಿಮೆಯಲ್ಲೇ ಅದು ಮಳೆಯ ರುಚಿ ನೋಡಲು ಕಲಿತಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳೆಂದು ನಾವು ಕರೆದುಕೊಂಡು ಬಂದ ಈ ಊರುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಆಮೇಲೆ ವಿಜಯನಗರಕ್ಕೆ ಬಂತು. ಜಿಲ್ಲೆಯ ಹೆಸರು ಬದಲಾದರೂ ಮುಗಿಲ ಲೆಕ್ಕ ಬದಲಾಗಿಲ್ಲ. ಅರಬ್ಬಿ ಸಮುದ್ರದಿಂದ ಏಳುವ ಮೋಡ ಸಹ್ಯಾದ್ರಿಗೆ ತಾಗಿ ಅಲ್ಲೇ ತನ್ನ ಹೊರೆ ಇಳಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುತ್ತದೆ. ಅಲ್ಲಿಂದ ಹಗುರಾಗಿ ದಾಟಿ ಬಂದ ಮೋಡ ನಮಗೆ ಕೊಡುವುದು ಸುಮಾರು 500ರಿಂದ 650 ಮಿಲಿಮೀಟರ್. ಅದೂ ಜೂನ್‌ನಲ್ಲಿ ಒಂದಿಷ್ಟು, ಜುಲೈನಲ್ಲಿ ಒಂದಿಷ್ಟು, ಹೆಚ್ಚಿನದು ಸೆಪ್ಟೆಂಬರ್ ಆಸುಪಾಸಿಗೆ. ಈ ಮಳೆಗಾಲ ದಿನಗಟ್ಟಲೆ ಕಟ್ಟಿಹಾಕುವುದಿಲ್ಲ. ಬಂದು, ಕೂತು, ಎದ್ದು ಹೋಗುವ ನೆಂಟರ ಹಾಗೆ ಇರುತ್ತದೆ. ನೆಂಟರನ್ನು ನೋಡುವ ಹಾಗೆಯೇ ನಾವೂ ಅದನ್ನು ನೋಡುತ್ತೇವೆ: ಬರುವ ಮುಂಚೆ ದಾರಿ ಕಾಯುವುದು, ಬಂದಾಗ ಕೆಲಸ ಬಿಟ್ಟು ಎದುರು ಕೂರುವುದು, ಹೋದ ಮೇಲೆ ಎರಡು ದಿನ ಅದರದೇ ಮಾತು.

ಕಾಯುವುದು ಮಾಘ ಮಾಸದಲ್ಲೇ ಶುರುವಾಗುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾರೆ. ಬಯಲ ತುಂಬ ನೆರೆದ ಲಕ್ಷಾಂತರ ಜನ ಆ ಕ್ಷಣ ಉಸಿರು ಬಿಗಿಹಿಡಿದಿರುತ್ತಾರೆ. ಮಳೆ ಬೆಳೆ ಹೇಗೆ ಎಂಬುದನ್ನು ಆ ಸಾಲಿನಿಂದ ಬಿಡಿಸಿಕೊಳ್ಳುವ ಕೆಲಸ ಮಾತ್ರ ಮಳೆಗಾಲ ಮುಗಿಯುವವರೆಗೂ ನಡೆದೇ ಇರುತ್ತದೆ. ಕ್ಷೌರದಂಗಡಿಯಲ್ಲಿ, ಗೊಬ್ಬರದ ಅಂಗಡಿಯ ಮುಂದೆ, ಬಸ್ಸಿನ ಹಿಂದಿನ ಸೀಟಿನಲ್ಲಿ ಪ್ರತಿ ಮಳೆಗೂ ಆ ಸಾಲಿಗೆ ಹೊಸ ಅರ್ಥ ಹುಟ್ಟುತ್ತದೆ. ಇಷ್ಟು ಜನ ಒಂದು ಸಾಲನ್ನು ಇಷ್ಟು ತಿಂಗಳು ಮೆಲುಕು ಹಾಕುವುದು ನಮ್ಮ ಸೀಮೆಯ ದೊಡ್ಡ ರಸಾಸ್ವಾದ ಎಂದೇ ನಾನು ತಿಳಿದಿದ್ದೇನೆ.

ಮಿರಗದ, ಅಂದರೆ ಮೃಗಶಿರಾ ಮಳೆ ಜೂನ್ ಮೊದಲ ವಾರ ಕೂಡುತ್ತದೆ. ಅದರ ಮೊದಲ ಹದಕ್ಕೆ ಕೆಂಪು ಮಸಾರಿ ಹೊಲದಿಂದ ಮಿರಗದ ಹುಳ ಏಳುತ್ತವೆ. ಶೇಂಗಾ ಬೀಜದಷ್ಟು ಗಾತ್ರವೂ ಇರದ, ಕಡುಗೆಂಪು ಮಖಮಲ್ಲಿನ ಹುಳ. ಮುಟ್ಟಿದರೆ ಕಾಲು ಮಡಚಿ ಗುಂಡಗಾಗಿ ಸುಮ್ಮನಾಗುತ್ತದೆ. ಉಸಿರು ಬಿಗಿಹಿಡಿದು ಕಾದರೆ ಒಂದೊಂದೇ ಕಾಲು ಚಾಚಿ ಮತ್ತೆ ಹೊರಡುತ್ತದೆ. ಶಾಲೆ ಶುರುವಾದ ಹೊಸದು ಬೇರೆ. ಹುಲ್ಲು ಹಾಸಿದ ಬೆಂಕಿಪೊಟ್ಟಣದಲ್ಲಿ ಅದನ್ನಿಟ್ಟುಕೊಂಡು ತರಗತಿಗೆ ಹೋದ ದಿನ ಪಾಠ ಕಿವಿಗೆ ಬೀಳುತ್ತಿರಲಿಲ್ಲ. ಸಂಜೆ ಅದನ್ನು ತಂದ ಹೊಲದಲ್ಲೇ ಬಿಟ್ಟುಬರಬೇಕು ಎಂಬುದು ಅವ್ವನ ಕಟ್ಟಳೆ. ವರ್ಷಕ್ಕೆ ಕೆಲವೇ ದಿನ ಮೇಲೆ ಕಾಣಿಸಿ ಮತ್ತೆ ಮಣ್ಣಿಗೆ ಇಳಿಯುವ ಆ ಕೆಂಪನ್ನು ನಾನು ಈಗಲೂ ಪ್ರತಿ ಜೂನ್‌ನಲ್ಲಿ ಹುಡುಕಿಕೊಂಡು ಹೋಗುತ್ತೇನೆ.

ಆರಿದ್ರ, ಪುನರ್ವಸು ಬರುವ ಹೊತ್ತಿಗೆ ಗಾಳಿಯದೇ ದರಬಾರು. ಹರಪನಹಳ್ಳಿಯಲ್ಲಿ ಅದನ್ನು ನೋಡಬೇಕು. ಮೋಡಗಳು ಪಡುವಣದಿಂದ ಮೂಡಣಕ್ಕೆ ಒಂದರ ಹಿಂದೊಂದು ಓಡುತ್ತಿರುತ್ತವೆ, ನಡುನಡುವೆ ನಾಲ್ಕು ಹನಿ ಎರಚುತ್ತವೆ. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳಿಗೆ ಬಿಡುವಿಲ್ಲ. ಪೇಟೆಯಲ್ಲಿ ಕಾಯಿಪಲ್ಲೆಯವರು ತಲೆಯ ಮೇಲೆ ಕಟ್ಟಿದ ತಾಡಪತ್ರಿ ಪಟಪಟ ಬಡಿದುಕೊಳ್ಳುತ್ತದೆ. ಛತ್ರಿ ಬಿಚ್ಚಿದವರಿಗೆ ಅದನ್ನು ಮತ್ತೆ ಮಡಿಸುವುದೇ ಕೆಲಸ. ಹೀಗಾಗಿ ಹಳ್ಳಿಯಿಂದ ಸಂತೆಗೆ ಬಂದವರು ಛತ್ರಿಯ ಗೊಡವೆಗೇ ಹೋಗುವುದಿಲ್ಲ. ಹಿರಿಯರ ತಲೆಯ ಮೇಲೆ ಕಂಬಳಿಯ ಕೊಪ್ಪೆ, ಉಳಿದವರ ತಲೆಯ ಮೇಲೆ ಗೊಬ್ಬರದ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಮಾಡಿದ ಕೊಪ್ಪೆ. ಕಂಬಳಿಗೆ ಬಿದ್ದ ಹನಿ ಕೂಡಲೇ ಒಳಗಿಳಿಯುವುದಿಲ್ಲ. ಉಣ್ಣೆಯ ತುದಿಗಳಲ್ಲಿ ಸಣ್ಣ ಮಣಿಗಳಾಗಿ ನಿಂತಿರುತ್ತದೆ. ಅಂಗಡಿಯೊಳಗೆ ಬಂದು ಒಮ್ಮೆ ಕೊಡವಿದರೆ ಮಣಿಗಳೆಲ್ಲ ಉದುರುತ್ತವೆ. ತೊಯ್ದ ಉಣ್ಣೆಯ ವಾಸನೆ ಮಾತ್ರ ಅಂಗಡಿಯಲ್ಲೇ ಉಳಿಯುತ್ತದೆ. ಕುರಿಯ ಹಟ್ಟಿ, ಹೊಗೆ, ಹಸಿಹುಲ್ಲು ಮೂರನ್ನೂ ಕೂಡಿಸಿದ ಆ ವಾಸನೆಯೇ ನನ್ನ ಮೂಗಿಗೆ ಜುಲೈ ತಿಂಗಳು.

ಇಂಥ ಮಧ್ಯಾಹ್ನ ಹರಪನಹಳ್ಳಿಯಿಂದ ಸ್ವಲ್ಪ ದೂರದ ಬಾಗಳಿಗೆ ಹೋಗಬೇಕು. ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿ ಅಲ್ಲಿದೆ. ತಿರುಗಣೆಯಲ್ಲಿ ಕಡೆದ ಅದರ ಕಂಬಗಳಿಗೆ ಬಿಸಿಲಿನಲ್ಲಿ ಒಂದು ಹೊಳಪು, ಮೋಡದ ಬೆಳಕಿನಲ್ಲಿ ಇನ್ನೊಂದು ಹೊಳಪು. ಎರಡನೆಯದೇ ಚೆಲುವು. ಕಂಬದ ಸುತ್ತಿನ ಏಣುಗಳ ಮೇಲೆ ಬೂದುಬಣ್ಣದ ಬೆಳಕು ನೀರಿನ ಹಾಗೆ ಜಾರುತ್ತಿರುತ್ತದೆ. ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯೂ ಮಳೆಯ ದಿನಕ್ಕೆ ಹೇಳಿಮಾಡಿಸಿದ ಜಾಗ. ‘ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು’ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ ನೋಡಲು ಅವಸರವಿಲ್ಲದ ಮನಸ್ಸು ಬೇಕು. ಹೊರಗೆ ಮಳೆ ಹಿಡಿದು ಕೂರಿಸಿದಾಗ ಅಂಥ ಮನಸ್ಸು ತಾನಾಗಿ ಬರುತ್ತದೆ. ಮೊದಲು ಕತ್ತಲು, ಆಮೇಲೆ ಬಳ್ಳಿ, ಆಮೇಲೆ ಬಳ್ಳಿಯೊಳಗಿನ ಆಕೃತಿ. ಕಣ್ಣು ಪಳಗಿದಷ್ಟೂ ಕಲ್ಲು ಬಿಚ್ಚಿಕೊಳ್ಳುತ್ತದೆ.

ಇನ್ನು ಬಾಯಿಯ ಸುಖ. ಸಂಜೆ ನಾಲ್ಕೂವರೆಯಾದರೆ ಐದೂ ಊರಿನಲ್ಲಿ ಒಂದೇ ವಾಸನೆ: ಒಗ್ಗರಣಿ ಮಿರ್ಚಿ. ವರ್ಷವಿಡೀ ತಿನ್ನುವ ತಿಂಡಿಯೇ ಆದರೂ ಮಳೆ ಬಿದ್ದ ಸಂಜೆ ಅದು ಹಬ್ಬವಾಗುತ್ತದೆ. ಕೊಟ್ಟೂರಿನ ಒಂದು ಸಣ್ಣ ಅಂಗಡಿಯ ಬೆಂಚಿನ ಮೇಲೆ ಕೂತು ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ. ಗಂಡ ಬಾಣಲೆಯ ಮುಂದೆ, ಹೆಂಡತಿ ಮಂಡಕ್ಕಿಯ ಮುಂದೆ. ಆಕೆ ಅಗಲ ಬುಟ್ಟಿಯ ಮಂಡಕ್ಕಿಯನ್ನು ನೀರಿಗೆ ಸುರಿದು, ಎರಡೂ ಅಂಗೈಯಿಂದ ಒಮ್ಮೆ ಅದುಮಿ, ಕೂಡಲೇ ಹಿಂಡಿ ತೆಗೆಯುತ್ತಾರೆ. ಒಂದು ಉಸಿರು ತಡವಾದರೆ ಮಂಡಕ್ಕಿ ಅಂಬಲಿಯಾಗುತ್ತದೆ, ಒಂದು ಉಸಿರು ಬೇಗನಾದರೆ ಗಂಟಲಿಗೆ ಚುಚ್ಚುತ್ತದೆ. ಗಾಳಿಯಲ್ಲಿ ತೇವ ಇರುವ ದಿನ ಮಂಡಕ್ಕಿ ಮೊದಲೇ ಮೆತ್ತಗಾಗಿರುತ್ತದಲ್ಲ, ಆಗ ನೀರಿನಲ್ಲಿ ಇನ್ನೂ ಕಡಿಮೆ ಹೊತ್ತು. ‘ಅದು ಹೆಂಗ ಗೊತ್ತಾಕ್ಕೈತಿ ಯಕ್ಕಾ?’ ಎಂದು ಒಮ್ಮೆ ಕೇಳಿದೆ. ‘ಕೈಗೆ ಗೊತ್ತಾಕ್ಕೈತಿ’ ಎಂದರು, ತಲೆ ಎತ್ತದೆ. ತಾತನ ಬೆರಳು ನೆನಪಾಯಿತು.

ಎಣ್ಣೆಯಲ್ಲಿ ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವು, ಉಳ್ಳಾಗಡ್ಡಿ, ಅರಿಸಿನ; ಹುಣಸೆಹುಳಿ ಒಂದು ಎಳೆ; ಅದರೊಳಗೆ ಹಿಂಡಿದ ಮಂಡಕ್ಕಿ ಬಿದ್ದು ಹಳದಿಯಾಗುತ್ತದೆ. ಕೊನೆಗೆ ಮೇಲಿಂದ ಉದುರಿಸುವ ಪುಟಾಣಿ ಹಿಟ್ಟು ಹೆಚ್ಚಿನ ತೇವವನ್ನೆಲ್ಲ ಹೀರಿಕೊಂಡು ಒಂದೊಂದು ಕಾಳನ್ನೂ ಬಿಡಿಬಿಡಿಯಾಗಿಸುತ್ತದೆ. ಅತ್ತ ಬಾಣಲೆಯಲ್ಲಿ ಎಣ್ಣೆ ಕಾದಿದೆಯೇ ಎಂದು ನೋಡಲು ಒಂದು ಹನಿ ಕಡಲೆಹಿಟ್ಟು ಬಿಡುತ್ತಾರೆ. ತಳಕ್ಕಿಳಿದು ಅಲ್ಲೇ ಕೂತರೆ ಕಾದಿಲ್ಲ, ಬಿದ್ದೊಡನೆ ಕೆಂಪಾದರೆ ಮೀರಿದೆ. ಇಳಿದು, ಯೋಚನೆ ಮಾಡಿದ ಹಾಗೆ ಒಂದು ಗಳಿಗೆ ನಿಂತು, ಮೇಲೆದ್ದರೆ ಸರಿ. ಉದ್ದನೆಯ ಮೆಣಸಿನಕಾಯಿಯನ್ನು ತೊಟ್ಟು ಹಿಡಿದು ಹಿಟ್ಟಿನಲ್ಲಿ ಮುಳುಗಿಸಿ, ಒಂದು ಮಗ್ಗುಲನ್ನು ಬೋಗುಣಿಯ ಅಂಚಿಗೆ ಒರೆಸಿ ಎಣ್ಣೆಗೆ ಬಿಡುತ್ತಾರೆ. ಒರೆಸಿದ ಕಡೆ ಹಿಟ್ಟು ತೆಳುವಾಗಿ ಕಾಯಿ ಬೇಯುತ್ತದೆ, ಇನ್ನೊಂದು ಕಡೆ ದಪ್ಪಗೆ ಉಬ್ಬಿ ಮೆತ್ತಗಾಗುತ್ತದೆ. ಹಳೆಯ ಪತ್ರಿಕೆಯ ಹಾಳೆಯ ಮೇಲೆ ಒಗ್ಗರಣಿ, ಮಗ್ಗುಲಿಗೆ ಎರಡು ಮಿರ್ಚಿ. ಹೊರಗೆ ಅಂಗಡಿಯ ತಗಡಿನ ಮೇಲೆ ಮಳೆ, ಒಳಗೆ ನಾಲಿಗೆಯ ಮೇಲೆ ಖಾರ, ಕಣ್ಣಂಚಿನಲ್ಲಿ ನೀರು. ಆಮೇಲೆ ಸಣ್ಣ ಲೋಟದಲ್ಲಿ ಅರ್ಧ ಚಾ. ಆ ಅರ್ಧ ಚಾ ಮುಗಿಯಲು ಅರ್ಧ ಗಂಟೆ ಹಿಡಿಯುತ್ತದೆ. ಯಾರೂ ಎಬ್ಬಿಸುವುದಿಲ್ಲ, ಮಳೆ ಇದೆಯಲ್ಲ.

ಮನೆಯಲ್ಲಿ ಬೇರೆಯದೇ ಊಟ. ಮಳೆ ಬಿದ್ದು ಹದಿನೈದು ದಿನಕ್ಕೆ ಹೊಲದ ಬದುವಿನಲ್ಲಿ ಯಾರೂ ಬಿತ್ತದ ಸೊಪ್ಪು ಏಳುತ್ತದೆ. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಇನ್ನೂ ಏನೇನೋ ಕೂಡಿದ ಬೆರಕೆ ಸೊಪ್ಪನ್ನು ಕಳೆ ತೆಗೆಯಲು ಹೋದವರು ಉಡಿಯಲ್ಲಿ ಕಟ್ಟಿಕೊಂಡು ಬರುತ್ತಾರೆ. ಬೇಳೆಯ ಜೊತೆ ಬೇಯಿಸಿ ಮಸೆದು ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಮುಗಿಯಿತು. ಒಲೆಯ ಮುಂದೆ ಕೂತು, ಹಂಚಿನಿಂದ ತಟ್ಟೆಗೆ ನೇರ ಬಿದ್ದ ಜೋಳದ ರೊಟ್ಟಿಯ ಉಬ್ಬನ್ನು ಬೆರಳಿನಿಂದ ಒಡೆದರೆ ಹಬೆ ಮುಖಕ್ಕೆ ಬಡಿಯುತ್ತದೆ. ಅಷ್ಟರಲ್ಲಿ ಹನಿ ಜೋರಾದರೆ ‘ಬೆಳಕಿಂಡಿ ಮುಚ್ಚಿಬಾ’ ಎಂದು ಕೂಗು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಇದು ಮಕ್ಕಳ ಕೆಲಸ. ಮಾಳಿಗೆ ಹತ್ತಿ ಬೆಳಕಿಂಡಿಯ ಮೇಲೆ ಕಲ್ಲು ಸರಿಸಿ ಕೂಡಲೇ ಇಳಿಯಬೇಕು. ಕೂಡಲೇ ಇಳಿದ ಮಗುವನ್ನು ನಾನು ಕಂಡಿಲ್ಲ. ಮಾಳಿಗೆಯಿಂದ ಮಾಳಿಗೆಗೆ ಕೂಗು, ಓಣಿಯ ಮೇಲೆ ಇನ್ನೊಂದು ಓಣಿ ಹುಟ್ಟಿದ ಹಾಗೆ.

ಮಣ್ಣೆತ್ತಿನ ಅಮಾವಾಸ್ಯೆ ಕಳೆದು, ಆಷಾಢ ದಾಟಿ ಶ್ರಾವಣ ಬಂದರೆ ಪಂಚಮಿ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಬೇವಿನ ಮರಕ್ಕೂ ಹುಣಸೆ ಮರಕ್ಕೂ ಜೋಕಾಲಿ ಬೀಳುತ್ತದೆ. ಮನೆಮನೆಯ ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳಿಟ್ಟು. ಗಂಡುಮಕ್ಕಳಿಗೆ ನಿಂಬೆಹಣ್ಣು ಎಸೆಯುವ ಪಂದ್ಯ: ಗುಡಿಯ ಮುಂದಿನಿಂದ ಊರ ಹೊರಗಿನ ಇಂಥ ಗುರುತಿನವರೆಗೆ ಎಷ್ಟು ಎಸೆತದಲ್ಲಿ ಮುಟ್ಟಿಸುತ್ತೀ? ಹಿಂದೆ ಓಣಿಯ ಹುಡುಗರೆಲ್ಲ ಕೆಸರು ತುಳಿದುಕೊಂಡು ಓಡುತ್ತಾರೆ. ಚಿಕ್ಕವರು ಒಣಕೊಬ್ಬರಿಯ ಬಟ್ಟಲಿಗೆ ತೂತು ಕೊರೆದು ದಾರ ಪೋಣಿಸಿ, ಹುರಿಗೊಳಿಸಿ ಎಳೆದು ಗುರ್ರೆನ್ನಿಸುತ್ತಾರೆ. ಆಡಿ ಬೇಸರವಾದ ಮೇಲೆ ಆಟಿಕೆಯನ್ನೇ ತಿಂದುಬಿಡಬಹುದು. ಕೊಟ್ಟೂರಿನಲ್ಲಿ ಶ್ರಾವಣದ ಸೋಮವಾರ ಗುರು ಕೊಟ್ಟೂರೇಶ್ವರನ ದರ್ಶನಕ್ಕೆ ಬಂದವರು ತೊಯ್ದ ಬಟ್ಟೆಯಲ್ಲೇ ಸಾಲಿನಲ್ಲಿ ನಿಂತಿರುತ್ತಾರೆ. ಸಂಜೆ ಮಠಗಳಲ್ಲಿ ಪುರಾಣ ಪ್ರವಚನ. ಹೊರಗೆ ಹನಿ, ಒಳಗೆ ಹಾರ್ಮೋನಿಯಂ. ಕೇಳುವವರ ನಡುವೆ ಅಜ್ಜಿಯೊಬ್ಬರು ಗೋಡೆಗೊರಗಿ ನಿದ್ದೆ ಹೋಗಿದ್ದರೆ ಅವರನ್ನು ಯಾರೂ ಎಬ್ಬಿಸುವುದಿಲ್ಲ. ಅವರಿಗೂ ಅದು ದಕ್ಕುತ್ತಿದೆ ಎಂಬುದು ಎಲ್ಲರಿಗೂ ಗೊತ್ತು.

ಹಡಗಲಿಯ ಸುಖ ಎರಡು: ಹೂವು ಮತ್ತು ಹೊಳೆ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ಹಂಪಿಗೆ ಹಡಗಿನಲ್ಲಿ ಹೂವು ಹೋಗುತ್ತಿತ್ತು, ಅದಕ್ಕೇ ಹೂವಿನಹಡಗಲಿ ಎಂಬ ಹೆಸರು ಬಂತು ಎಂದು ಊರವರು ಹೇಳುತ್ತಾರೆ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಹಾಗೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಎಸಳು ಸಪೂರ, ಪರಿಮಳ ದಟ್ಟ. ಬೆಳಕು ಹರಿಯುವ ಮುಂಚೆ ಮೊಗ್ಗು ಬಿಡಿಸಬೇಕು. ಹೂವಿನ ತೋಟದವರು ಮಳೆಯನ್ನು ಬೇಡುವುದೂ ಹದವಾಗಿಯೇ: ಬುಡ ತೊಯ್ಯಬೇಕು, ಮೊಗ್ಗು ತೊಯ್ಯಬಾರದು. ಮೊಗ್ಗಿನಲ್ಲಿ ನೀರು ನಿಂತರೆ ಮಧ್ಯಾಹ್ನದೊಳಗೆ ಕಂದಿ ಬೆಲೆ ಕಳೆದುಕೊಳ್ಳುತ್ತದೆ. ರಾತ್ರಿ ಮಳೆ ನಿಂತು ಗಾಳಿ ಆಡಿದ ಬೆಳಿಗ್ಗೆ ಬಂದ ಹೂವಿನ ಮಾಲೆಯನ್ನು ಒಂದು ಮೊಳ ಕೊಂಡು ಬಸ್ಸು ಹತ್ತಿ ನೋಡಿ. ಕಿಟಕಿಗಳೆಲ್ಲ ಮುಚ್ಚಿದ ಬಸ್ಸಿನಲ್ಲಿ ಮಲ್ಲಿಗೆ, ತೊಯ್ದ ಕಂಬಳಿ, ಡೀಸೆಲ್ಲು ಮೂರೂ ಕೂಡಿ ಊರು ಬರುವವರೆಗೂ ಜೊತೆಯಲ್ಲಿರುತ್ತವೆ.

ಹೊಳೆಯದು ಬೇರೆ ಸೋಜಿಗ. ಜುಲೈ ಕೊನೆಗೆ ಹಡಗಲಿಯ ಮುಗಿಲು ಬೆಳ್ಳಗೆ ಒಣಗಿ ನಿಂತಿರುತ್ತದೆ, ತುಂಗಭದ್ರೆ ಮಾತ್ರ ಕೆಂಪಗೆ ದಡ ತುಂಬಿರುತ್ತಾಳೆ. ಮಲೆನಾಡಿನಲ್ಲಿ ಬಿದ್ದ ಮಳೆ ತುಂಗೆಯಾಗಿ, ಭದ್ರೆಯಾಗಿ ಕೂಡಲಿಯಲ್ಲಿ ಒಂದಾಗಿ, ಇಲ್ಲಿಗೆ ಬಂದು ತಲುಪಿರುತ್ತದೆ. ‘ಹೊಳಿ ಬಂದೈತಂತ’ ಎಂಬ ಸುದ್ದಿ ಊರಿಗೆ ಮುಟ್ಟಿದರೆ ಸಾಕು. ಮೋಟಾರ್ ಸೈಕಲ್ಲುಗಳ ಮೇಲೆ ಮನೆಮಂದಿಯೆಲ್ಲ ಮದಲಗಟ್ಟಿಯ ಆಂಜನೇಯನ ಗುಡಿಯ ಕಡೆಗೋ ಕುರುವತ್ತಿಯ ಕಡೆಗೋ ಹೊರಡುತ್ತಾರೆ. ದಡದಲ್ಲಿ ನಿಂತು ಮಾಡುವುದೇನೂ ಇಲ್ಲ, ಸುಮ್ಮನೆ ನೋಡುವುದು. ತೇಲಿಬಂದ ಒಂದು ಬಿದಿರಿನ ಬುಡ, ಬಾಳೆಯ ದಿಂಡು, ಯಾವ ಊರಿನದೋ ಗೇಟಿನ ಹಲಗೆ. ನಮ್ಮದಲ್ಲದ ಮಳೆಯನ್ನು ನಮ್ಮದೆಂದು ಕೈಮುಗಿದು ಒಂದು ಹೂವು ಬಿಟ್ಟು ಬರುವ ಆ ಸಂಜೆಯಲ್ಲಿ ಹೊಟ್ಟೆಕಿಚ್ಚಿನ ಸುಳಿವಿಲ್ಲ.

ಅದೇ ನೀರು ಮುಂದೆ ಹೋಗಿ ತುಂಗಭದ್ರಾ ಜಲಾಶಯದ ಹಿನ್ನೀರಾಗಿ ಹಗರಿಬೊಮ್ಮನಹಳ್ಳಿಯ ಹೊಲಗಳ ಅಂಚಿಗೆ ಏರುತ್ತದೆ. 1953ರಲ್ಲಿ ನೀರು ನಿಂತ ಆ ಅಣೆಕಟ್ಟೆಗಾಗಿ ಊರು ಬಿಟ್ಟು ಬಂದವರ ಮನೆತನಗಳು ಈ ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ಹಿನ್ನೀರು ನೋಡಲು ಹೋದಾಗ ಹಿರಿಯರು ನೀರಿನ ನಡುವಿಗೆ ಬೆರಳು ಮಾಡಿ ‘ಅಲ್ಲಿ ನಮ್ಮ ಗುಡಿ, ಅಲ್ಲಿ ನಮ್ಮ ಬಾವಿ’ ಎಂದು ತೋರಿಸುತ್ತಾರೆ. ಅದೇ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರ ಜನವರಿಯಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನೀರಿನಲ್ಲಿ ನಿಂತ ಕರಿಜಾಲಿ ಮರಗಳೇ ಅಲ್ಲಿ ಹಕ್ಕಿಗಳ ಮನೆ. ದೊಡ್ಡ ಸಂತೆ ನೆರೆಯುವುದು ಚಳಿಗಾಲಕ್ಕೆ. ಆದರೆ ಕೆರೆ ಅದಕ್ಕೆ ಅಣಿಯಾಗುವ ಮಳೆಗಾಲವೇ ನನಗೆ ಹೆಚ್ಚು ಇಷ್ಟ. ನೀರು ದಿನಕ್ಕಿಷ್ಟು ಏರುತ್ತ ಮರದ ಬುಡ ಮುಚ್ಚುತ್ತದೆ, ನೀರುಕಾಗೆಗಳು ರೆಕ್ಕೆ ಹರವಿಕೊಂಡು ಇಲ್ಲದ ಬಿಸಿಲಿಗೆ ಕಾಯುತ್ತವೆ, ಬೆಳ್ಳಕ್ಕಿ ಒಂದೇ ಕಾಲಿನಲ್ಲಿ ನಿಂತು ಹನಿಯೆಲ್ಲವನ್ನೂ ಮೈಮೇಲೆ ತೆಗೆದುಕೊಳ್ಳುತ್ತದೆ. ಏರಿಯ ಮೇಲೆ ಕೂತವರು ಪಿಸುಮಾತಿನಲ್ಲೇ ಮಾತಾಡುತ್ತಾರೆ. ಹಾಗೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಹಾದು ಹರಿಹರದ ಕಡೆ ಹೋಗುವ ರೈಲು ಮಾರ್ಗವಿದೆ. ಮಘೆ ಮಳೆಯ ದಿನಗಳಲ್ಲಿ ಆ ದಾರಿಯಲ್ಲಿ ಒಂದು ಸಲವಾದರೂ ಕಿಟಕಿಗೆ ಕೂತು ಹೋಗಬೇಕು. ಒಂದು ಕಡೆ ಕಪ್ಪು ಎರೆ, ಇನ್ನೊಂದು ಕಡೆ ಕೆಂಪು ಮಸಾರಿ. ಮೆಕ್ಕೆಜೋಳ ಆಳೆತ್ತರ ನಿಂತು ಸೂಲಂಗಿ ಬಿಟ್ಟಿರುತ್ತದೆ. ಸೂರ್ಯಕಾಂತಿಗೆ ಮೋಡದ ದಿನ ಯಾವ ಕಡೆ ನೋಡಬೇಕೆಂದು ತಿಳಿಯದ ಮುಖ. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು’ ಎಂಬ ಗಾದೆಯನ್ನು ಎದುರು ಸೀಟಿನವರು ಹೇಳದೆ ಬಿಡುವುದಿಲ್ಲ.

ನಮ್ಮ ಮಳೆಗಾಲ ಮಾಗುವುದು ಹುಬ್ಬೆ, ಉತ್ತರೆಗೆ. ಕೂಡ್ಲಿಗಿಯಲ್ಲಿ ಅದನ್ನು ಕಾಣಬೇಕು. ಹಗಲೆಲ್ಲ ಬಿಸಿಲು ಕುದಿಯುತ್ತದೆ. ಮಧ್ಯಾಹ್ನ ಮೂರಕ್ಕೆ ಗುಡೇಕೋಟೆಯ ಕಡೆಯ ಬಂಡೆಗುಡ್ಡಗಳ ಹಿಂದೆ ಒಂದು ಕಪ್ಪು ಗೆರೆ ಏಳುತ್ತದೆ, ಸಂಜೆಗೆ ಗುಡುಗು, ರಾತ್ರಿಗೆ ಮಳೆ. ಈ ಮಳೆಗೆ ತೂಕವಿದೆ. ಬಂಡೆಗಳ ಮೇಲಿಂದ ಇಳಿದ ನೀರು ಒಂದು ಗಂಟೆ ಹಳ್ಳವಾಗಿ ಅಬ್ಬರಿಸಿ, ಬೆಳಗಾಗುವುದರಲ್ಲಿ ಮರಳ ಮೇಲೆ ತನ್ನ ಗೆರೆ ಮಾತ್ರ ಬಿಟ್ಟುಹೋಗಿರುತ್ತದೆ. ಈ ಹೊತ್ತಿಗೆ ಶೇಂಗಾ ಬಲಿತಿರುತ್ತದೆ. ಬಳ್ಳಿ ಸಮೇತ ಕಿತ್ತ ಹಸಿ ಶೇಂಗಾವನ್ನು ತೊಳೆದು, ಉಪ್ಪು ಹಾಕಿ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಜಗಲಿಯ ಮೇಲೆ ಸುರಿದುಕೊಂಡು ಮನೆಮಂದಿ ಸುತ್ತ ಕೂರುತ್ತಾರೆ. ಸಿಪ್ಪೆ ಒಡೆದರೆ ಮೊದಲು ಬಾಯಿಗೆ ಬರುವುದು ಉಪ್ಪುನೀರು, ಆಮೇಲೆ ಮೆತ್ತಗಿನ ಸಿಹಿ ಕಾಳು. ಕರೆಂಟು ಹೋಗಿರುತ್ತದೆ. ಸಿಪ್ಪೆ ಬಿಡಿಸಲು ಬೆಳಕು ಬೇಡ. ಕತ್ತಲಲ್ಲಿ ಚಟಚಟ ಸದ್ದು, ನಡುನಡುವೆ ಒಂದು ಹಳೆಯ ಕಥೆ.

ಈ ಹದ ತಪ್ಪಿದ ವರ್ಷಗಳನ್ನೂ ನಾವು ಬಲ್ಲೆವು. 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಮಳೆ ಬೇಡಿ ಗುರ್ಚಿ ಹೊತ್ತ ಹುಡುಗ ಮನೆಮನೆಗೆ ಬಂದಾಗ ತಲೆಗೆ ಸುರಿಯುವ ನೀರೂ ಲೆಕ್ಕದ್ದೇ. ಇನ್ನೊಂದು ವರ್ಷ ಕೊಯ್ಲಿಗೆ ಬಂದ ಉಳ್ಳಾಗಡ್ಡಿ ನೆಲದಲ್ಲೇ ಕೊಳೆಯುವಷ್ಟು ಸುರಿಯುತ್ತದೆ. ಮಿರ್ಚಿಯ ಎಣ್ಣೆ ಮೀರಿದರೆ ಇನ್ನೊಂದು ಹಾಕಬಹುದು, ಮಳೆಯ ಹದ ತಪ್ಪಿದರೆ ವರ್ಷವೇ ಹೋಗುತ್ತದೆ. ಹದವಾಗಿ ಬಂದ ಒಂದು ಮಳೆಯನ್ನು ನಮ್ಮವರು ಇಷ್ಟು ಅಕ್ಕರೆಯಿಂದ ಸವಿಯುವುದು ಇದನ್ನೆಲ್ಲ ಕಂಡವರಾದ್ದರಿಂದ. ಈ ಸುಖಗಳಿಗೆ ಖರ್ಚು ಕಡಿಮೆ. ಒಂದು ಮೊಳ ಹೂವು, ಎರಡು ಮಿರ್ಚಿ, ಅರ್ಧ ಚಾ, ನದಿಯ ದಡದಲ್ಲಿ ಒಂದು ಸಂಜೆ. ಬೇಕಾದದ್ದು ಗಮನ ಮಾತ್ರ, ಅದನ್ನು ಈ ನೆಲ ಕಲಿಸಿಕೊಟ್ಟಿದೆ.

ಸೆಪ್ಟೆಂಬರ್‌ನಲ್ಲಿ ಬಿಡುವು ಮಾಡಿಕೊಂಡು ನಮ್ಮ ಕಡೆ ಬನ್ನಿ. ರಾತ್ರಿ ಮಳೆ ಬಿದ್ದರೆ ಬೆಳಿಗ್ಗೆ ಬೇಗ ಎದ್ದು ಬಸ್ ನಿಲ್ದಾಣದ ಚಾದಂಗಡಿಯ ಬೆಂಚಿನ ಮೇಲೆ ಕೂತು, ಪಕ್ಕದವರನ್ನು ‘ಎಷ್ಟು ಹದ ಆಗೈತಿ ಅಣ್ಣಾ?’ ಎಂದು ಕೇಳಿ. ಅವರು ಮೊದಲು ನಿಮ್ಮ ಮುಖ ನೋಡುತ್ತಾರೆ. ಆಮೇಲೆ ಸರಿದು ಜಾಗ ಕೊಟ್ಟು, ಬೆರಳಿನಲ್ಲಿ ಅಳತೆ ತೋರಿಸುತ್ತಾರೆ.